ಎಚ್‌ಡಿಎಂಐ ಕೆಲಸ ಮಾಡದ ಪ್ರೊಜೆಕ್ಟರ್ ರಿಪೇರಿ ಮಾಡಿ, ಇಲ್ಲವೇ ಬದಲಿಸಿಕೊಡಿ

ಇಂದ:
ಕಾರ್ಯದರ್ಶಿ,
ಕಾಫಿ ಬೆಳೆಗಾರರ ಸಂಘ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಗೆ:
ವ್ಯವಸ್ಥಾಪಕರು,
ಪ್ರೊಜೆಕ್ಟರ್ ಮಾರಾಟ ಮತ್ತು ಸರ್ವಿಸ್ ವಿಭಾಗ,
ಹಾಸನ

ವಿಷಯ: ವಾರಂಟಿಯಲ್ಲಿರುವ ಪ್ರೊಜೆಕ್ಟರ್ ಲ್ಯಾಪ್‌ಟಾಪ್‌ಗೆ ಕನೆಕ್ಟ್ ಆಗದಿರುವ ಬಗ್ಗೆ

ಮಾನ್ಯರೇ,

ನಮ್ಮ ಸಂಘಕ್ಕೆ ನಿಮ್ಮಲ್ಲಿ ಕೊಂಡ ಪ್ರೊಜೆಕ್ಟರ್‌ನ ಎಚ್‌ಡಿಎಂಐ ಪೋರ್ಟ್ (ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ತರುವ ಕಿಂಡಿ) ಕೆಲಸ ಮಾಡುತ್ತಿಲ್ಲ. ಫೋನ್ ಮಾಡಿ ಹೇಳಿದೆವು. ನಿಮ್ಮ ಸರ್ವಿಸ್‌ನವರು ಬಂದು ನೋಡಿಯೂ ಹೋದರು. ರಿಪೇರಿ ಮಾತ್ರ ಆಗಲಿಲ್ಲ. ಅದರ ಬದಲು ಎಚ್‌ಡಿಎಂಐಯನ್ನು ಹಳೇ ಕಾಲದ ವಿಜಿಎಗೆ ಬದಲಿಸುವ ಒಂದು ಕನ್ವರ್ಟರ್, ಒಂದು ವಿಜಿಎ ವೈರು ಕೈಗಿಟ್ಟು, ಅದಕ್ಕೂ ದುಡ್ಡು ತಗೊಂಡು, "ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಎಂದರು. ಅಡ್ಜಸ್ಟ್ ಮಾಡಿಕೊಂಡಿದ್ದಕ್ಕೆ ಏನಾಯಿತು ಎಂದು ನಿಮಗೂ ತಿಳಿಯಲಿ.

ಮಳೆ ಹಿಡಿಯುವ ಮುಂಚೆ ತೋಟಗಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕಲ್ಲ, ಆ ಹೊತ್ತಿಗೆ ಸರಿಯಾಗಿ ಎಲೆ ತುಕ್ಕು ರೋಗದ ಬಗ್ಗೆ ಸಭೆ ಇಟ್ಟುಕೊಂಡಿದ್ದೆವು. ಈ ರೋಗ ಬಂದ ಅರೇಬಿಕಾ ಕಾಫಿ ಎಲೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣುತ್ತದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಗುರುತು ಹಿಡಿಯುವುದೇ ಆ ಬಣ್ಣದಿಂದ. ಹಾಗಾಗಿ ಒಳ್ಳೆಯ ಎಲೆ ಒಂದು ಪಕ್ಕ, ರೋಗದ ಎಲೆ ಇನ್ನೊಂದು ಪಕ್ಕ ಇಟ್ಟು ಸ್ಲೈಡ್ ಮಾಡಿದ್ದೆವು. ಪರದೆ ಮೇಲೆ ಎರಡೂ ಹಸಿರು! ಬಿಳಿ ಇರಬೇಕಾದ ಕಡೆ ತಿಳಿನೀಲಿ. ಮುಂದಿನ ಸ್ಲೈಡಿನಲ್ಲಿ ಕಾಫಿ ಹಣ್ಣು ಕರ್ರಗೆ. "ಇದ್ಯಾವ ಹೊಸ ರೋಗ ಮಾರಾಯ್ರೆ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ಮಾತಾಡಲು ದೂರದಿಂದ ಬಂದಿದ್ದವರು ಮಾತ್ರ ನಗಲಿಲ್ಲ ಪಾಪ.

ವೈರು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಮೂಲೆಯ ಒಂದು ಪಿನ್ನು ಅಡ್ಡ ಮಲಗಿತ್ತು. ವಿಜಿಎಯ 15 ಪಿನ್ನುಗಳಲ್ಲಿ ಮೊದಲ ಮೂರು ಕೆಂಪು, ಹಸಿರು, ನೀಲಿಯವು. ಮಲಗಿದ್ದದ್ದು ಒಂದನೆಯದು, ಅಂದರೆ ಕೆಂಪಿನದು. ಕೆಂಪು ಹೋದರೆ ಕಿತ್ತಳೆಯಲ್ಲಿ ಉಳಿಯುವುದು ಹಸಿರೇ ಅಲ್ವಾ? ಕೊಡುವಾಗ ಒಂದು ಸಲ ತುದಿ ನೋಡಿ ಕೊಟ್ಟಿದ್ದರೆ ಸಾಕಿತ್ತು.

ಬೇರೆ ವೈರು ತಂದ ಮೇಲೆ ಬಣ್ಣವೇನೋ ಸರಿಯಾಯಿತು. ಆದರೆ ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ. ನೀವು ಕೊಟ್ಟ ಕನ್ವರ್ಟರ್‌ನಲ್ಲಿ ಆಡಿಯೋ ಜಾಕ್ ಕೂಡ ಇಲ್ಲ. ವಿಡಿಯೋ ತೋರಿಸಬೇಕಾದರೆ ಲ್ಯಾಪ್‌ಟಾಪ್‌ನ ಸ್ಪೀಕರ್ ಮುಂದೆ ಮೈಕ್ ಹಿಡಿದು ಒಬ್ಬರು ನಿಂತಿರಬೇಕು. ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ಸುಮ್ನೆ ಕೂತಿದೆ. 1987ರಲ್ಲಿ ಬಂದ ವಿಜಿಎಯನ್ನೇ ನಂಬಿಕೊಳ್ಳುವುದಾದರೆ ನಾವು ಹೊಸ ಪ್ರೊಜೆಕ್ಟರ್ ಯಾಕೆ ತಗೋಬೇಕಿತ್ತು?

ಇನ್ನು, ದೋಷ ಲ್ಯಾಪ್‌ಟಾಪಿನದು ಎಂದು ನಿಮ್ಮವರು ಹೇಳುತ್ತಿದ್ದಾರೆ. ಒಪ್ಪುವುದಕ್ಕೆ ಆಗುವುದಿಲ್ಲ. ಅದೇ ಲ್ಯಾಪ್‌ಟಾಪ್, ಅದೇ ಎಚ್‌ಡಿಎಂಐ ವೈರನ್ನು ಸದಸ್ಯರೊಬ್ಬರ ಮನೆಯ ಟಿವಿಗೆ ಹಾಕಿದರೆ ಚಿತ್ರ, ಧ್ವನಿ ಎರಡೂ ಬರುತ್ತವೆ. ಬೇರೆ ಲ್ಯಾಪ್‌ಟಾಪ್ ತಂದು ಪ್ರೊಜೆಕ್ಟರ್‌ಗೆ ಹಾಕಿದರೂ 'ನೋ ಸಿಗ್ನಲ್' ಎಂದೇ ಬರುತ್ತದೆ. ರಿಮೋಟಿನಲ್ಲಿ ಸೋರ್ಸ್ ಒತ್ತಿ ಎಚ್‌ಡಿಎಂಐ ಆರಿಸಿದ್ದೇವೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್, ಎಕ್ಸ್‌ಟೆಂಡ್ ಎರಡನ್ನೂ ನೋಡಿದ್ದೇವೆ. ರೆಸಲ್ಯೂಷನ್ ಇಳಿಸಿ ನೋಡಿ ಎಂದು ಫೋನಿನಲ್ಲಿ ಹೇಳಿದರು. ಡಿಟೆಕ್ಟ್ ಒತ್ತಿದರೂ ಪ್ರೊಜೆಕ್ಟರ್ ಇರುವುದೇ ಲ್ಯಾಪ್‌ಟಾಪಿಗೆ ಗೊತ್ತಾಗುತ್ತಿಲ್ಲ, ಇನ್ನು ಯಾವುದರ ರೆಸಲ್ಯೂಷನ್ ಇಳಿಸೋದು? ವೈರಿನ ತುದಿಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೆ ಚಿತ್ರ ಒಮ್ಮೆ ಮಿಂಚಿ ಹೋಗುತ್ತದೆ. ಪೋರ್ಟ್ ಒಳಗಡೆ ಬೋರ್ಡಿನಿಂದ ಬಿಟ್ಟುಕೊಂಡಿದೆ ಎಂದು ನಮ್ಮ ಅಂದಾಜು. ಇದರ ವಿಡಿಯೋ ಕಳಿಸುತ್ತಿದ್ದೇವೆ, ನೀವೇ ನೋಡಿ. ಲ್ಯಾಂಪ್, ಲೆನ್ಸ್ ಬಗ್ಗೆ ನಮ್ಮ ತಕರಾರಿಲ್ಲ, ಬೆಳಕು ಚೆನ್ನಾಗಿಯೇ ಇದೆ.

ಹೀಗಾಗಿ ಪೋರ್ಟನ್ನು ವಾರಂಟಿಯಲ್ಲಿ ರಿಪೇರಿ ಮಾಡಿಕೊಡಿ. ಆಗದಿದ್ದರೆ ಪ್ರೊಜೆಕ್ಟರನ್ನೇ ಬದಲಿಸಿ. ಕನ್ವರ್ಟರ್ ಮತ್ತು ಆ ವೈರಿಗೆ ತಗೊಂಡ ಹಣ ವಾಪಸ್ ಕೊಡಿ. ರಿಪೇರಿಗೆ ಒಯ್ದರೆ ಯಾವಾಗ ವಾಪಸ್ ಬರುತ್ತದೆ ಎಂದು ಬರೆದು ಕೊಡಬೇಕು, ಬಾಯಿಮಾತು ಸಾಲದು. ಅಷ್ಟು ದಿನಕ್ಕೆ ಬೇರೊಂದು ಪ್ರೊಜೆಕ್ಟರ್ ಕೊಟ್ಟಿರಿ, ನಮ್ಮ ಸಭೆಗಳು ನಿಲ್ಲುವ ಹಾಗಿಲ್ಲ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ನಿಮ್ಮ ಅಂಗಡಿ ಹಾಸನದಲ್ಲಿದೆ ಎಂದು ನಾವು ಅಲ್ಲಿಗೇ ಬರಬೇಕೆಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡುವವರು ತಾವಿರುವ ಜಿಲ್ಲೆಯಲ್ಲೇ ಕೊಡಬಹುದು. ನಮಗೆ ಚಿಕ್ಕಮಗಳೂರು ಹತ್ತಿರ.

ಇತಿ,
ಕಾರ್ಯದರ್ಶಿ

ಲಗತ್ತು: ಬಿಲ್ ಮತ್ತು ವಾರಂಟಿ ಕಾರ್ಡಿನ ಜೆರಾಕ್ಸ್, ಕನ್ವರ್ಟರ್‌ಗೆ ಕೊಟ್ಟ ರಸೀದಿ, ಪಿನ್ನಿನ ಫೋಟೋ, ವಿಡಿಯೋ ಇರುವ ಪೆನ್‌ಡ್ರೈವ್