ಮಗಳಿಗೊಂದು ಪತ್ರ: ನಮ್ಮ ಕೋಳಿಗಳನ್ನ ಬೇರೆ ಮನೆಗೆ ಕಳಿಸ್ತಿದೀನಿ

ಪುಟ್ಟಿ,

ಫೋನಲ್ಲಿ ಹೇಳೋಕೆ ಹೋದ್ರೆ ನೀನು ಮಧ್ಯದಲ್ಲೇ ಅಮ್ಮಾ ಇರ್ಲಿ ಬಿಡು, ನಾನು ಬಂದ್ಮೇಲೆ ನೋಡೋಣ ಅಂತೀಯ, ನಾನೂ ಸುಮ್ನಾಗ್ತೀನಿ, ಮಾತು ಅಲ್ಲಿಗೇ ನಿಂತೋಗುತ್ತೆ. ಅದಕ್ಕೇ ಕೂತು ಬರೀತಾ ಇದೀನಿ, ಪೂರ್ತಿ ಓದು. ಕೋಳಿಗಳನ್ನ ಕೊಡೋದು ಅಂತ ತೀರ್ಮಾನ ಮಾಡಿದೀನಿ. ಶ್ರಾವಣ ಹುಟ್ತಿದ್ದಂಗೇ ಕೊಡ್ತೀನಿ.

ಮಂಡಿ ಸವೆದಿದೆ ಅಂತ ಡಾಕ್ಟ್ರು ಹೇಳಿದ್ದು ನೀನೇ ಕೇಳಿಸ್ಕೊಂಡಿದೀಯ. ಕುಕ್ಕರಗಾಲಲ್ಲಿ ಕೂರ್ಬೇಡಿ, ನೆಲದ ಮೇಲೆ ಕೂತು ಏಳ್ಬೇಡಿ ಅಂದ್ರು. ಕೋಳಿ ಕೆಲಸ ಅಂದ್ರೆ ಪೂರ್ತಿ ಅದೇ ಅಲ್ವೇನೇ. ಗೂಡಿನ ಬಾಗ್ಲು ಮಂಡಿ ಎತ್ತರಕ್ಕಿದೆ, ಬಗ್ಗಿ ತಲೆ ಒಳಗೆ ಹಾಕಿ ಹಿಕ್ಕೆ ಕೆರೀಬೇಕು, ಬೂದಿ ಎರಚಬೇಕು, ಮಣೆ ಮೇಲೆ ಕೂತು ನೀರಿನ ಚಟ್ಟಿ ತಿಕ್ಬೇಕು, ಬಣವೆ ಸಂದಿಲಿ ಕದ್ದು ಮೊಟ್ಟೆ ಇಡೋ ಹ್ಯಾಟೆ ಇದ್ರೆ ಅಲ್ಲೂ ಕೈ ಹಾಕ್ಬೇಕು. ಸಂಜೆ ದೀಪ ಹಚ್ಚೋ ಹೊತ್ತಿಗೆ ಎಲ್ಲ ಗೂಡು ಸೇರ್ಕೊಂಡ್ರೂ ಆ ಎಳೇ ಹ್ಯಾಟೆಗಳು ನುಗ್ಗೆ ಮರ ಹತ್ತಿ ಕೂತಿರ್ತವೆ, ಅವನ್ನ ಕೋಲಲ್ಲಿ ಇಳಿಸಿ ಹಿಡಿದು ಒಳಗೆ ಬಿಡೋಷ್ಟರಲ್ಲಿ ಕತ್ತಲಾಗಿರುತ್ತೆ, ಹಿತ್ತಲ ಕಲ್ಲುಗಳು ಕಾಣಲ್ಲ.

ನಿಮ್ಮಣ್ಣ ಸುಮ್ನೆ ಕೂರ್ಲಿಲ್ಲ, ಅವನ ಕೈಲಾದದ್ದು ಮಾಡ್ದ. ಮೊಟ್ಟೆ ಇಡೋ ಮಂಕರಿನ ಸೊಂಟದೆತ್ತರಕ್ಕೆ ಗೋಡೆಗೆ ಕಟ್ದ, ಬಕೆಟ್ಟಿಗೆ ಕೊಕ್ಕಲ್ಲಿ ಕುಟ್ಟಿದ್ರೆ ನೀರು ಬರೋ ನಿಪ್ಪಲ್ ಹಾಕಿ ನೇತು ಹಾಕ್ದ, ನುಚ್ಚು ಹಾಕೋಕೆ ಉದ್ದ ಪೈಪ್ ಇಟ್ಟ, ನಿಂತ್ಕೊಂಡೇ ಸುರೀಬಹುದು. ನಿಜಕ್ಕೂ ಉಪಯೋಗ ಆಯ್ತು, ಮಂಡಿ ನೋವಿರೋ ಯಾರಿಗಾದ್ರೂ ಮೊದಲು ಇದನ್ನೇ ಮಾಡಿ ಅಂತ ಹೇಳ್ತೀನಿ. ಆದ್ರೆ ಹಿಡಿಯೋ ಕೆಲಸ ಇದೆಯಲ್ಲ, ಜಂತುಹುಳದ ಔಷಧಿ ಕುಡಿಸೋಕೆ, ಹೇನು ಬಿದ್ದಿದ್ಯಾ ಅಂತ ರೆಕ್ಕೆ ಎತ್ತಿ ನೋಡೋಕೆ, ಅದಕ್ಕೆ ಯಾವ ಪೈಪೂ ಆಗಲ್ಲ.

ಎರಡೇ ಎರಡು ಇಟ್ಕೊ ಅಂದೆಯಲ್ಲ, ಅದನ್ನ ತುಂಬ ಯೋಚ್ನೆ ಮಾಡ್ದೆ. ನೋಡು, ಇಪ್ಪತ್ತಿದ್ರೂ ಎರಡಿದ್ರೂ ಬೆಳಿಗ್ಗೆ ಬಾಗ್ಲು ತೆಗೀಲೇಬೇಕು, ಸಂಜೆ ಹಾಕ್ಲೇಬೇಕು. ಮುಂಗುಸಿ ಎಣಿಸ್ಕೊಂಡು ಬರಲ್ಲ. ಮೇವು ಕಮ್ಮಿ ಆಗುತ್ತೆ, ನಡಿಗೆ ಕಮ್ಮಿ ಆಗಲ್ಲ. ಆಳು ಇಟ್ಕೊ ಅಂತೀಯ, ಬೆಳಿಗ್ಗೆ ಅರ್ಧ ಗಂಟೆ ಸಂಜೆ ಅರ್ಧ ಗಂಟೆ ದಿನಾ ತಪ್ಪದೇ ಬರೋ ಆಳು ನಮ್ಮೂರಲ್ಲಿ ಎಲ್ಲಿದ್ದಾರೆ, ಎಲ್ರೂ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತೋರೇ.

ನಂಗೆ ಮನಸ್ಸಲ್ಲಿ ಕೂತಿರೋದು ಮೂಲೆಮನೆ ಅಜ್ಜಿ ವಿಷಯ. ಸೊಂಟ ಮುರಿದು ಆಸ್ಪತ್ರೆ ಸೇರಿದ್ರಲ್ಲ, ಮಕ್ಕಳು ಬಂದೋರು ಓಡಾಟದಲ್ಲಿ ಕೋಳಿ ನೋಡೋಕಾಗುತ್ತಾ, ಒಂದೇ ಸಂಜೆ ಬೈಕಲ್ಲಿ ಬರೋ ವ್ಯಾಪಾರಿಗೆ ಎಲ್ಲ ಕೊಟ್ಬಿಟ್ರು. ಅವರ ತಪ್ಪು ಅನ್ನಲ್ಲ ನಾನು. ಅಜ್ಜಿ ವಾಪಸ್ ಬಂದು ಮಂಚದ ಮೇಲಿಂದ ಮೊದಲು ಕೇಳಿದ್ದೇ ಕೋಳಿಗೆ ನೀರಿಟ್ರಾ ಅಂತ, ನಾನು ಅಲ್ಲೇ ಇದ್ದೆ, ಯಾರೂ ಬಾಯಿ ಬಿಡ್ಲಿಲ್ಲ. ಆ ವ್ಯಾಪಾರಿ ಕಾಲು ಕಟ್ಟಿ ಹ್ಯಾಂಡಲ್ಲಿಗೆ ತಲೆಕೆಳಗಾಗಿ ನೇತು ಹಾಕ್ಕೊಂಡು ಹೋಗ್ತಾನೆ. ಕೋಳಿಗೆ ನಮ್ಮಂಗೆ ಎದೆಗೂ ಹೊಟ್ಟೆಗೂ ಮಧ್ಯೆ ವಪೆ ಅನ್ನೋ ಪರದೆ ಇರಲ್ಲ ಕಣೆ, ತಲೆಕೆಳಗೆ ಹಿಡಿದ್ರೆ ಹೊಟ್ಟೆಯೊಳಗಿರೋದೆಲ್ಲ ಉಸಿರಿನ ಚೀಲದ ಮೇಲೆ ಬೀಳುತ್ತೆ, ಉಸಿರಾಡೋಕೇ ಒದ್ದಾಡ್ತವೆ. ಅದಕ್ಕೇ ನಾನು ಓಡಾಡ್ಕೊಂಡಿರೋವಾಗ್ಲೇ, ಮನೆ ನಾನೇ ನೋಡಿ, ನನ್ ಕೈಯಾರೆ ಕೊಡ್ಬೇಕು. ನಿನ್ ತಲೆ ಮೇಲೂ ಆ ಭಾರ ಹಾಕೋಕೆ ನಂಗಿಷ್ಟ ಇಲ್ಲ.

ಶ್ರಾವಣ ಯಾಕೆ ಅಂದ್ರೆ, ಯುಗಾದಿ ಹತ್ರ ಕೊಟ್ರೆ ಹೊಸತೊಡಕಿಗೆ ಸಾರಾಗುತ್ತೆ, ಊರಹಬ್ಬದ ಹೊತ್ತಲ್ಲೂ ಅಷ್ಟೇ, ನಾಟಿ ಕೋಳಿ ಅಂದ್ರೆ ಕೇಳಿದಷ್ಟು ದುಡ್ಡು ಕೊಡ್ತಾರೆ. ಶ್ರಾವಣದಲ್ಲಿ ನಮ್ಮ ಕಡೆ ಬಹಳ ಮನೇಲಿ ಮಾಂಸ ಮಾಡಲ್ಲ. ಆ ತಿಂಗಳಲ್ಲಿ ಕೋಳಿ ಬೇಕು ಅಂತ ಬರೋರು ಸಾಕೋಕೇ ಬರೋದು. ತಿಂಗಳು ಕಳೆಯೋಷ್ಟರಲ್ಲಿ ಹೊಸ ಜಾಗಕ್ಕೆ ಹೊಂದ್ಕೊಂಡು ಒಂದು ಸುತ್ತು ಮೊಟ್ಟೆನೂ ಶುರು ಮಾಡಿರ್ತವೆ, ಆಮೇಲೆ ಮೊಟ್ಟೆ ಇಡೋ ಕೋಳಿನ ಯಾರೂ ಕುಯ್ಯಲ್ಲ. ನಾವೇನು ಕೋಳಿ ತಿನ್ನದೋರಲ್ಲ, ಕೆಂಪು ಹುಂಜನ ನಿನ್ ಸೋದರಮಾವ ತಗೊಂಡೋಗ್ತಾನೆ, ಮಹಾಲಯ ಅಮಾವಾಸ್ಯೆಗೆ ಅದೇನಾಗುತ್ತೆ ಅಂತ ನಿನ್ನಿಂದ ಮುಚ್ಚಿಡಲ್ಲ. ಮಿಕ್ಕವು ಹೋಗೋ ಮನೇಲಿ ಆಗ್ಲೇ ಒಂದು ಹುಂಜ ಇದೆ, ಎರಡಿದ್ರೆ ರಕ್ತ ಬರೋ ಹಾಗೆ ಕಾದಾಡ್ತವೆ.

ತಗೋಳೋದು ಕೆರೆ ಏರಿ ಪಕ್ಕದ ಮನೆ ಸೊಸೆ, ನನ್ ಹತ್ರ ನಾಲ್ಕನೇ ಕ್ಲಾಸಲ್ಲಿ ಓದಿದೋಳು. ಸುಮ್ನೆ ಕೊಡ್ತೀನಿ ಅಂದ್ರೆ ಒಪ್ಪಲಿಲ್ಲ, ಟೀಚರಮ್ಮ, ಪಾಲಿಗೆ ಕೊಡಿ ಅಂದ್ಲು. ಹಿಂದೆ ನಮ್ಮಜ್ಜಿ ಕಾಲದಲ್ಲಿ ಹಂಗೇ ಕೊಡ್ತಿದ್ದಿದ್ದು, ಹ್ಯಾಟೆ ನಮ್ದು, ಸಾಕೋದು ಅವರು, ಹುಟ್ಟೋ ಮರಿಲಿ ಅರ್ಧ ಅರ್ಧ. ನನ್ ಪಾಲಿನ ಮರಿ ನಾನೇನು ಮಾಡ್ಲಿ? ಕೊನೆಗೆ ಹೀಗೆ ಮಾತಾಯ್ತು: ಮೊದಲನೇ ಕಾವಲ್ಲಿ ನನ್ ಪಾಲಿಗೆ ಬರೋ ಮರಿಗಳನ್ನ, ಕೋಳಿ ಸಾಕ್ಬೇಕು ಅಂತ ಆಸೆ ಇದ್ದು ಕೊಳ್ಳೋಕಾಗ್ದೇ ಇರೋ ಇನ್ನೊಂದು ಮನೆಗೆ ಅವಳೇ ಕೊಡ್ಬೇಕು. ಅವಳ ಮರ್ಯಾದೆಗೂ ಸರಿ ಹೋಯ್ತು, ನಂಗೂ ಖುಷಿ ಆಯ್ತು.

ಮನೆ ನೋಡ್ಕೊಂಡು ಬಂದೆ. ಗೂಡು ನೆಲದಿಂದ ಮೇಲಿದೆ, ಮಳೆ ನೀರು ನುಗ್ಗಲ್ಲ, ಅದೇ ನಂಗೆ ಮುಖ್ಯ ಇತ್ತು ಯಾಕಂದ್ರೆ ಜಡಿ ಮಳೇಲಿ ನೆಲ ಒದ್ದೆ ಇದ್ರೆ ಮರಿಗಳಿಗೆ ರಕ್ತಭೇದಿ ಹತ್ಕೊಳ್ಳುತ್ತೆ. ನಾಯಿ ಇದೆ, ಆದ್ರೆ ಕೋಳಿಗಳ ಮಧ್ಯೆನೇ ಬೆಳೆದಿರೋದು. ಅವಳ ಕೋಳಿಗಳಿಗೆ ಮಾತ್ರ ಯಾವತ್ತೂ ವ್ಯಾಕ್ಸಿನ್ ಆಗಿರಲಿಲ್ಲ. ಕೊಕ್ಕರೆ ರೋಗ ಹೆಂಗೆ ಅಂತ ನೀನು ಚಿಕ್ಕೋಳಿದ್ದಾಗ ನೋಡಿದೀಯ, ಹಸಿರು ಹಸಿರಾಗಿ ಹಿಕ್ಕೆ ಹಾಕಿ, ಕತ್ತು ತಿರುಚ್ಕೊಂಡು, ವಾರದೊಳಗೆ ಗೂಡೇ ಖಾಲಿ. ರಾಣಿಕೇತ್ ಅಂತಾರಲ್ಲ, ಅದೇ. ಬಂದ್ಮೇಲೆ ಔಷಧಿ ಇಲ್ಲ, ಮೊದಲೇ ಲಸಿಕೆ ಹಾಕ್ಬೇಕು ಅಷ್ಟೇ. ಅದಕ್ಕೆ ಪಶು ಆಸ್ಪತ್ರೆಗೆ ಹೇಳಿ ಆರ್‌2ಬಿ ಅನ್ನೋ ಅದರ ಲಸಿಕೆ ತರಿಸಿದ್ವಿ. ಒಂದು ಬಾಟ್ಲಿಲಿ 100 ಕೋಳಿಗಾಗುತ್ತೆ, ಕಲಸಿದ್ಮೇಲೆ ಇಟ್ಕೊಳ್ಳೋಕಾಗಲ್ಲ, ಐಸಲ್ಲಿಟ್ಟು ಬೇಗ ಮುಗಿಸ್ಬೇಕು, ಹಂಗಾಗಿ ಆ ಬೀದಿಲಿ 8 ವಾರ ದಾಟಿರೋ ಕೋಳಿ ಯಾರ್ಯಾರ ಮನೇಲಿದ್ಯೋ ಎಲ್ಲ ಹಿಡ್ಕೊಂಡು ಬಂದ್ರು, ರೆಕ್ಕೆ ಕೆಳಗೆ ಚರ್ಮಕ್ಕೆ ಚುಚ್ಚಿಸಿದ್ವಿ. ಸಣ್ಣ ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಅದೇ ರೋಗದ ಲಸೋಟ ಲಸಿಕೆ ಒಂದು ಹನಿ, ಅದನ್ನೂ ಬರೆದು ಕೊಟ್ಟಿದೀನಿ. ಎರಡು ವಾರ ಬಿಟ್ಟು ನಮ್ಮವು ಅಲ್ಲಿಗೆ ಹೋಗ್ತವೆ, ಆಮೇಲೂ ಸ್ವಲ್ಪ ದಿನ ಜಾಲರಿ ಅಡ್ಡ ಇಟ್ಟು ಬೇರೆ ಇಡ್ತಾಳೆ. ಒಂದಕ್ಕೊಂದು ಮುಖ ಕಾಣ್ಬೇಕು, ಕುಕ್ಕೋಕೆ ಸಿಕ್ಬಾರ್ದು.

ಮುದಿ ಬೂದಿ ಹ್ಯಾಟೆ ಏನಾಗುತ್ತೆ ಅಂತ ನೀನು ಕೇಳೇ ಕೇಳ್ತೀಯ, ಅದ್ರ ಮೇಲೆ ನಿಂಗೆ ಪ್ರಾಣ. ಈಗ ಅದು ಮೊಟ್ಟೆ ಇಡೋದು ಅಪರೂಪ, ಆದ್ರೂ ಕಾವಿಗೆ ಅದ್ರಷ್ಟು ಗಟ್ಟಿಯಾಗಿ ಕೂರೋದು ಇನ್ನೊಂದಿಲ್ಲ. ನಮ್ ಗಿರಿರಾಜಗಳು, ಆ ಹೆಬ್ಬಾಳದ ವೆಟರ್ನರಿ ಕಾಲೇಜಿನ ತಳಿ, ಮೊಟ್ಟೆ ಏನೋ ಚೆನ್ನಾಗಿ ಇಡ್ತವೆ, ನಾಟಿ ಕೋಳಿ ವರ್ಷಕ್ಕೆ 60-70 ಇಟ್ರೆ ಇವು ಅದ್ರ ಎರಡರಷ್ಟು, ಆದ್ರೆ ಕಾವು ಕೂರೋ ಗುಣಾನೇ ಇಲ್ಲ. ಅವುಗಳ ಮೊಟ್ಟೆನೆಲ್ಲ 21 ದಿನ ಬೂದಿನೇ ಹೊಟ್ಟೆ ಕೆಳಗಿಟ್ಕೊಂಡು ಮರಿ ಮಾಡಿರೋದು. ಇದನ್ನೇ ಆ ಹುಡುಗಿಗೆ ಬಿಡಿಸಿ ಹೇಳ್ದೆ, ಗಿರಿರಾಜ ಬೇಕಿದ್ರೆ ಬೂದಿನೂ ತಗೋಬೇಕು ಅಂತ. ಅವಳು ನಕ್ಕು, ನಂಗೆ ಮೊದಲು ಬೇಕಿರೋದೇ ಬೂದಿ ಟೀಚರಮ್ಮ ಅಂದ್ಲು. ಅಷ್ಟು ಕೇಳಿದ್ಮೇಲೆ ನನ್ ಎದೆ ಹಗುರ ಆಯ್ತು ಕಣೆ.

ಹಗಲಲ್ಲಿ ಹಿಡಿಯೋ ಗೋಜಿಗೆ ಹೋಗಲ್ಲ. ರಾತ್ರಿ ಕತ್ತಲಾದ್ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಕೂತಲ್ಲೇ ಕೂತಿರ್ತವೆ, ಎರಡೂ ರೆಕ್ಕೆ ಸೇರಿಸಿ ಎದೆ ಕೆಳಗೆ ಕೈ ಕೊಟ್ಟು ಎತ್ತಿದ್ರೆ ಒಂದ್ಸಲ ಕೊರ್ ಅಂದು ಸುಮ್ನಾಗ್ತವೆ. ಸಂಜೆ ತಿಂದು ಕತ್ತಿನ ಬುಡದಲ್ಲಿ ಚೀಲ ಗಟ್ಟಿಯಾಗಿ ಉಬ್ಬಿರುತ್ತಲ್ಲ, ಕೈಗೆ ಸಿಗುತ್ತೆ, ಅದು ತುಂಬಿದ್ರೆ ಕೋಳಿ ಹುಷಾರಾಗಿದೆ ಅಂತ ಲೆಕ್ಕ, ಪ್ರತಿಯೊಂದನ್ನೂ ಮುಟ್ಟಿ ನೋಡೇ ಕಳಿಸ್ತೀನಿ. ನಿಮ್ಮಣ್ಣ ಎತ್ತಿ ಕೊಡ್ತಾನೆ, ನಾನು ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ರಾಗಿ ಹುಲ್ಲು ಹಾಸಿರೋ ಮಂಕರಿಲಿ ಇಟ್ಟು ಮೇಲೆ ಗೋಣಿಚೀಲ ಕಟ್ಟಿ ಆಟೋದಲ್ಲಿ ಕಳಿಸೋದು. ಮೊಟ್ಟೆ ಇಡೋ ಹಳೇ ಬುಟ್ಟಿನೂ ಜೊತೆಗೇ ಹೋಗುತ್ತೆ, ಗುರುತಿನ ವಸ್ತು ಇದ್ರೆ ಬೇಗ ಹೊಂದ್ಕೊಳ್ತವೆ. ಒಂದು ವಾರ ಹತ್ತು ದಿನ ಗೂಡಲ್ಲೇ ಇಟ್ಟಿರಮ್ಮ, ಆಮೇಲೆ ಸಂಜೆ ಹೊತ್ತು ಮುಳುಗೋಕೆ ಒಂದು ಗಂಟೆ ಇರೋವಾಗ ಮಾತ್ರ ಬಿಡು ಅಂದಿದೀನಿ, ಇಲ್ದಿದ್ರೆ ಒಂದೇ ಊರಲ್ವಾ, ಸೀದಾ ನಮ್ ಹಿತ್ತಲಿಗೇ ವಾಪಸ್ ಬಂದ್ಬಿಡ್ತವೆ. ಜಾಗ ಬದಲಾದ ಗಾಬರಿಗೆ ಸ್ವಲ್ಪ ದಿನ ಮೊಟ್ಟೆ ನಿಲ್ಲುತ್ತೆ, ಗಾಬರಿ ಆಗ್ಬೇಡ ಅಂತಾನೂ ಹೇಳಿದೀನಿ.

ಬೇಜಾರಾಗಲ್ವಾ ಅಂದ್ರೆ ಆಗುತ್ತೆ, ತುಂಬಾನೇ ಆಗುತ್ತೆ. ನಿಮ್ಮಪ್ಪ ಹೋದ್ಮೇಲೆ ಬೆಳಿಗ್ಗೆ ನನ್ನ ಎಬ್ಬಿಸ್ತಿದ್ದಿದ್ದೇ ಅವು. ಯಾವ್ದು ಯಾರ್ ಮಗಳು, ಯಾವ್ದು ಯಾವ ಮಳೇಲಿ ಹುಟ್ಟಿದ್ದು ಎಲ್ಲ ನಂಗೆ ಬಾಯಿಪಾಠ. ಹಂಗಾಗಿ ನೀನು ಫೋನ್ ಮಾಡಿದಾಗ ಒಳ್ಳೇದಾಯ್ತು ಬಿಡಮ್ಮ, ರೆಸ್ಟ್ ತಗೋ ಅನ್ಬೇಡ. ಅವು ಹೆಂಗಿದಾವೆ ಅಂತ ಕೇಳು. ನಾನು ವಾರಕ್ಕೊಂದ್ಸಲ ಆಟೋದಲ್ಲಿ ಹೋಗಿ ನೋಡ್ಕೊಂಡು ಬರ್ತೀನಿ, ಮರಿ ಆದಾಗ ಹೇಳ್ತೀನಿ. ಇದೇ ನೆಪ ಇಟ್ಕೊಂಡು ಬೆಂಗಳೂರಿಗೆ ಬಂದ್ಬಿಡು ಅಂತಾನೂ ಈಗ್ಲೇ ಶುರು ಮಾಡ್ಬೇಡ.

ಗೌರಿ ಹಬ್ಬಕ್ಕೆ ಬರ್ತೀರಲ್ಲ, ಆಗ ಅಳಿಯಂದ್ರಿಗೆ ಹೇಳಿ ಗೂಡಿನ ಮೆಶ್ ಬಿಚ್ಚಿಸು, ಅದನ್ನೂ ಅವಳಿಗೇ ಕೊಡ್ತೀನಿ, ಮರಿ ಬಿಡೋ ಜಾಗಕ್ಕೆ ಸುತ್ತ ಬೇಕಂತೆ. ಮತ್ತೆ ಬರೋವಾಗ ಚಿಕ್ಕದೊಂದು ಐಸ್ ಬಾಕ್ಸ್ ತಗೊಂಡು ಬಾ, ನಮ್ದು ಮುಚ್ಚಳ ಒಡೆದಿದೆ, ಇನ್ಮೇಲೆ ವ್ಯಾಕ್ಸಿನ್ ತರೋ ಕೆಲಸ ಅವಳದು.

ಇಂತಿ,
ನಿನ್ನಮ್ಮ