‘ಇಂದ’ ಒಂದೇ, ಇಂಗ್ಲಿಷಿಗೆ ಎರಡು

ಕೋಲಾರ

ಚಿ. ಸೌ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ, ಬರವಣಿಗೆ ಎರಡೂ ನಿನ್ನ ಪಾಲಿಗೇ ಬಂದಿವೆಯಂತೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಟೆನ್ಸ್ ಪಟ್ಟಿಯಿಂದ ಬೇಡ ಕಣಮ್ಮ, ಅದನ್ನು ಹೈಸ್ಕೂಲಿನಲ್ಲೇ ಉರುಹೊಡೆದು ಬಂದಿರುತ್ತಾರೆ. ಮೊದಲ ವಾರ ಅವರವರ ಊರಿನ ಕೆರೆಯ ಮೇಲೆ ಹತ್ತು ಸಾಲು ಬರೆಸು. ನಿನ್ನ ಪಾಠ ಆ ಹಾಳೆಗಳಲ್ಲೇ ಸಿಗುತ್ತದೆ.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ನೀರಿನ ಮಾತು ಬಂದೇ ಬರುತ್ತದೆ. ‘ದಿ ವಾಟರ್ ಈಸ್ ಕಮಿಂಗ್ ಸಿನ್ಸ್ ಮೆನಿ ಇಯರ್ಸ್’ ಎಂದು ಬರೆದಿರುತ್ತಾರೆ. ಇದು ಉದಾಸೀನದ ತಪ್ಪಲ್ಲ, ಕನ್ನಡದ ಲೆಕ್ಕ. ನಾವು ‘2018ರಿಂದ ಬರ್ತಾ ಇದೆ’ ಅಂತೀವಿ, ‘ಎಷ್ಟೋ ವರ್ಷದಿಂದ ಬರ್ತಾ ಇದೆ’ ಅಂತಲೂ ಅಂತೀವಿ. ಪ್ರತ್ಯಯವೂ ಒಂದೇ, ಕ್ರಿಯಾಪದವೂ ಒಂದೇ. ಇಂಗ್ಲಿಷಿನಲ್ಲಿ ಶುರುವಾದ ಕಾಲಕ್ಕೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಕ್ರಿಯಾಪದ ಮಾತ್ರ ಎರಡಕ್ಕೂ ‘ಹ್ಯಾಸ್ ಬೀನ್ ಕಮಿಂಗ್’. ಬೋರ್ಡಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದು, ‘ಇಂದ’ದಿಂದ ಎರಡು ಗೆರೆ ಎಳೆದು ತೋರಿಸು. ‘ಎ’, ‘ದಿ’ ಇದಕ್ಕಿಂತ ಕಷ್ಟ, ನಮ್ಮಲ್ಲಿ ಅವೇ ಇಲ್ಲವಲ್ಲ. ಕೆರೆ ಮೊದಲ ಸಲ ಬಂದರೆ ‘ಎ ಟ್ಯಾಂಕ್’, ಅದೇ ಕೆರೆ ಮತ್ತೆ ಬಂದರೆ ‘ದಿ ಟ್ಯಾಂಕ್’. ಅಷ್ಟರಿಂದ ಶುರು ಮಾಡು, ಒಂದು ಸೆಮಿಸ್ಟರಿಗೆ ಸರಿಹೋಗದಿದ್ದರೆ ಬೈಯಬೇಡ.

ಹಾಳೆ ತುಂಬ ಕೆಂಪು ಶಾಯಿ ಬಳಿದರೆ ಮಕ್ಕಳು ಅಂಕವನ್ನಷ್ಟೇ ನೋಡಿ ಮಡಚಿಡುತ್ತಾರೆ. ಒಂದು ಸಲಕ್ಕೆ ಎರಡೇ ಬಗೆಯ ತಪ್ಪು ಹಿಡಿ. ಗೆರೆ ನೀನು ಎಳೆ, ಸರಿರೂಪ ಅವರೇ ಬರೆಯಲಿ.

ಪ್ರಬಂಧಕ್ಕೆ ಬಂದಾಗ, ಪ್ಯಾರಾಗೆ ಒಂದೇ ಮಾತು, ಅದು ಮೊದಲ ಸಾಲಿನಲ್ಲೇ ಇರಲಿ. ‘ಈ ನೀರಿನಿಂದಲೇ ಬೋರ್‌ವೆಲ್ ತುಂಬಿದವು’ ಎಂದು ಯಾರಾದರೂ ಬರೆದರೆ, ಯಾವ ಊರು, ಯಾವ ವರ್ಷ, ಅಳೆದವರು ಯಾರು, ಆ ವರ್ಷ ಮಳೆ ಹೇಗಿತ್ತು ಎಂದು ಕೇಳು. ಉತ್ತರ ಪೂರ್ತಿ ಇಲ್ಲದಿದ್ದರೆ ‘ಕಾಸ್ಡ್’ (ಇದರಿಂದಲೇ ಆಯಿತು) ಎಂಬುದನ್ನು ಹೊಡೆದುಹಾಕಿ ‘ಮೇ ಹ್ಯಾವ್ ಹೆಲ್ಪ್‌ಡ್’ (ನೆರವಾಗಿರಬಹುದು) ಎಂದು ಬರೆಸು. ಮಕ್ಕಳಿಗೆ ಇದು ಅಳುಕಿನ ಮಾತು ಅನ್ನಿಸುತ್ತದೆ. ಪುರಾವೆ ಎಷ್ಟಿದೆಯೋ ಅಷ್ಟೇ ಹೇಳುವುದು ಎಂದು ಬಿಡಿಸಿ ಹೇಳು.

ಕಾಪಿ ಹೊಡೆಯುವವರಲ್ಲಿ ಹೆಚ್ಚಿನವರು ಕಳ್ಳರಲ್ಲ. ನಾಲ್ಕು ಪದ ಬದಲಿಸಿದರೆ ತಮ್ಮದಾಯಿತು ಎಂದು ನಂಬಿರುತ್ತಾರೆ. ಓದಿ ಪುಸ್ತಕ ಮುಚ್ಚಲಿ, ಪಕ್ಕದವರಿಗೆ ಕನ್ನಡದಲ್ಲಿ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಮಾತು ತಮ್ಮದಾದರೂ ವಿಚಾರ ಯಾರದೋ ಅವರ ಹೆಸರು, ವರ್ಷ ಹಾಕಲೇಬೇಕು.

ಮೊದಲ ಕಂತಿನ ನಾಲ್ಕು ಹಾಳೆ ಭಾನುವಾರ ತಗೊಂಡು ಬಾ, ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ