ರೆಡಿ ಗೇಮಿಂಗ್ ಸೆಟ್ ಇನ್ನು ಇರುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳಿಂದ ನಾವು ರೆಡಿ ಗೇಮಿಂಗ್ ಸೆಟ್, ಅಂದರೆ ಪಾರ್ಟ್‌ಗಳನ್ನು ಮೊದಲೇ ಆರಿಸಿಟ್ಟ ಗೇಮಿಂಗ್ ಕಂಪ್ಯೂಟರ್, ಮಾರುವುದಿಲ್ಲ. ಚಿಕ್ಕದು, ನಡುವಿನದು, ದೊಡ್ಡದು ಅಂತ ಮೂರು ಸೆಟ್, ಪ್ರತಿಯೊಂದಕ್ಕೂ ಒಂದು ದರ, ಫೋನ್ ಮಾಡಿ ಯಾವುದು ಬೇಕು ಅಂತ ಹೇಳಿದರೆ ಸಾಕು ಅನ್ನುವ ಪದ್ಧತಿ ಇತ್ತಲ್ಲ, ಅದು ಇಲ್ಲಿಗೆ ಮುಗಿಯಿತು. ಇನ್ನು ಮೇಲೆ ನಿಮ್ಮನ್ನು ಕೆಲವು ಪ್ರಶ್ನೆ ಕೇಳಿ, ನಿಮಗೆ ಬೇಕಾದ ಪಾರ್ಟ್‌ಗಳನ್ನು ಮಾತ್ರ ಸೇರಿಸಿ, ಒಂದೊಂದರ ದರವನ್ನೂ ಬಿಡಿಬಿಡಿಯಾಗಿ ಬರೆದು ಕೊಟೇಷನ್ ಕೊಡುತ್ತೇವೆ. ನಮ್ಮ ಕೂಲಿಯೂ ಅದರಲ್ಲೇ ಬೇರೆ ಸಾಲಾಗಿ ಇರುತ್ತದೆ. ಕೊಟೇಷನ್ ಏಳು ದಿನ ನಡೆಯುತ್ತದೆ, ಆಮೇಲೆ ಹೊಸದಾಗಿ ಕೇಳಬೇಕು.

ಏಳೇ ದಿನ ಯಾಕೆ ಅಂದರೆ, ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿಯಾದ ರ‍್ಯಾಮ್. 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಹೇಗೆ ಏರಿತು ಅಂತ ಕಂಪ್ಯೂಟರ್ ಕೊಳ್ಳಲು ಹೊರಟವರಿಗೆಲ್ಲ ಗೊತ್ತು. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ ಕಂಪನಿಗಳಿಂದ. ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಅವರಿಗೆ ಲಾಭ ಜಾಸ್ತಿ, ಹಾಗಾಗಿ ತಯಾರಿಕೆ ಆ ಕಡೆ ವಾಲಿತು, ಮನೆ ಕಂಪ್ಯೂಟರಿಗೆ ಬರುವ ಮಾಲು ಕಡಿಮೆಯಾಯಿತು. ಮೈಕ್ರಾನ್ ಅಂತೂ ಆ ಡಿಸೆಂಬರ್‌ನಲ್ಲಿ ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಫೈಲ್, ಗೇಮ್ ಉಳಿಸಿಡುವ ಎಸ್‌ಎಸ್‌ಡಿಯ ಬೆಲೆಯೂ ಅದರ ಹಿಂದೆಯೇ ಏರಿತು.

ಇಂಥ ಹೊತ್ತಿನಲ್ಲಿ ಸೆಟ್‌ಗೆ ಒಂದೇ ದರ ಇಟ್ಟುಕೊಂಡು ಕೂತರೆ ಎರಡೇ ದಾರಿ. ಮುಂದೆ ಏರಬಹುದು ಅಂತ ಮೊದಲೇ ಜಾಸ್ತಿ ದರ ಹಾಕಿಡಬೇಕು, ಇಲ್ಲವೇ ದರ ಹಾಗೇ ಬಿಟ್ಟು ನಿಮ್ಮ ಕಣ್ಣಿಗೆ ಬೀಳದ ಪಾರ್ಟ್ ಒಂದನ್ನು ಅಗ್ಗದ್ದಕ್ಕೆ ಬದಲಾಯಿಸಬೇಕು. ಎರಡೂ ನಮಗೆ ಬೇಡ. ಅದರ ಜೊತೆಗೆ ಇನ್ನೊಂದು ಮಾತು. ಸೆಟ್ ಅಂದ ಕೂಡಲೇ ಎಲ್ಲರಿಗೂ ಒಂದೇ ಅಳತೆ. ಹಗುರವಾದ ಸ್ಪರ್ಧೆಯ ಗೇಮ್ ವ್ಯಾಲೊರಂಟ್ ಆಡುವವರಿಗೂ ಭಾರದ ಕಥೆಯ ಗೇಮ್ ಸೈಬರ್‌ಪಂಕ್ 2077 ಆಡುವವರಿಗೂ ಬೇಕಾಗುವುದು ಒಂದೇ ಕಂಪ್ಯೂಟರ್ ಅಲ್ಲ. ಬಜೆಟ್ ಬಿಗಿಯಾದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಕೈತುಂಬ ದುಡ್ಡಿದ್ದವರಿಗೆ ಯಾವ ಸೆಟ್ ಆದರೂ ನಡೆದೀತು, ಎಣಿಸಿ ಖರ್ಚು ಮಾಡುವವರಿಗೆ ನಡೆಯುವುದಿಲ್ಲ. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಎರಡನೇ ಥರದವರೇ.

ನೀವು ಫೋನ್ ಮಾಡಿದಾಗ ನಮ್ಮ ಮೊದಲ ಪ್ರಶ್ನೆ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಬಗ್ಗೆ ಇರುವುದಿಲ್ಲ. ಯಾವ ಸ್ಕ್ರೀನ್ ಅಂತ ಕೇಳುತ್ತೇವೆ. ಕಂಪ್ಯೂಟರ್ ಎಷ್ಟು ಕೆಲಸ ಮಾಡಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ಅದೇ. 1080ಪಿ ಮಾನಿಟರ್‌ನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕಿ), 1440ಪಿ ಅಂದರೆ ಸುಮಾರು 37 ಲಕ್ಷ, 4ಕೆ ಅಂದರೆ 83 ಲಕ್ಷದ ಹತ್ತಿರ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಇವನ್ನೆಲ್ಲ ಪ್ರತಿ ಫ್ರೇಮ್‌ಗೂ, ಅಂದರೆ ಪ್ರತಿ ಬಿಡಿ ಚಿತ್ರಕ್ಕೂ, ಗ್ರಾಫಿಕ್ಸ್ ಕಾರ್ಡ್ ಬಣ್ಣ ತುಂಬಿ ಕಳಿಸಬೇಕು. ಆಮೇಲೆ ಹರ್ಟ್ಸ್, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಯಿಸುತ್ತದೆ ಅನ್ನುವುದು. 60 ಹರ್ಟ್ಸ್ ಮಾನಿಟರ್ ಆದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್ ಸಿಗುತ್ತದೆ, 144 ಹರ್ಟ್ಸ್ ಆದರೆ 7 ಮಿಲಿಸೆಕೆಂಡೂ ಪೂರ್ತಿ ಇಲ್ಲ. ಮನೆಯಲ್ಲಿ ಹಳೆಯ 60 ಹರ್ಟ್ಸ್ 1080ಪಿ ಮಾನಿಟರ್ ಇಟ್ಟುಕೊಂಡು ದೊಡ್ಡ ಕಾರ್ಡ್ ಕೇಳುವವರಿಗೆ ನಾವು ಹೇಳುವುದು ಒಂದೇ: ಒಂದು ಮೆಟ್ಟಿಲು ಚಿಕ್ಕ ಕಾರ್ಡ್ ತಗೊಳ್ಳಿ, ಉಳಿದ ದುಡ್ಡಲ್ಲಿ ಒಳ್ಳೆಯ ಮಾನಿಟರ್ ತಗೊಳ್ಳಿ. ಕಾರ್ಡ್ 140 ಫ್ರೇಮ್ ಕೊಟ್ಟರೂ ಆ ಹಳೆಯ ಮಾನಿಟರ್ ತೋರಿಸುವುದು ಸೆಕೆಂಡಿಗೆ 60 ಮಾತ್ರ ಅಲ್ವಾ?

ಎರಡನೇ ಪ್ರಶ್ನೆ, ಯಾವ ಗೇಮ್. ಎಲ್ಲಾ ಆಡ್ತೀನಿ ಅನ್ನಬೇಡಿ, ದಯವಿಟ್ಟು. ಕಳೆದ ಆರು ತಿಂಗಳಲ್ಲಿ ನಿಜಕ್ಕೂ ಆಡಿದ ಎರಡು ಮೂರು ಹೆಸರು ಹೇಳಿ. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಥರದವಕ್ಕೆ ಪ್ರೊಸೆಸರ್ ಮುಖ್ಯ, ಕಾರ್ಡ್ ಸಾಧಾರಣದ್ದು ಸಾಕು. ಕಥೆ ಇರುವ ದೊಡ್ಡ ಗೇಮ್‌ಗಳಿಗೆ ಲೆಕ್ಕ ತಿರುಗುಮುರುಗು: ಕಾರ್ಡ್‌ಗೆ ದುಡ್ಡು ಹಾಕಿ, ಪ್ರೊಸೆಸರ್ ಕೋರ್ ಐ5-12400ಎಫ್ ಅಥವಾ ರೈಜನ್ 5 5600 ಮಟ್ಟದ್ದಿದ್ದರೂ ನಡೆಯುತ್ತದೆ. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್ ಇಂಥವು ರೇ ಟ್ರೇಸಿಂಗ್ (ಬೆಳಕಿನ ಲೆಕ್ಕ ಹಾಕುವ) ಹಾರ್ಡ್‌ವೇರ್ ಇಲ್ಲದ ಕಾರ್ಡ್‌ನ ಮೇಲೆ ಓಡುವಂತೆ ಮಾಡಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ಜಿಟಿಎಕ್ಸ್ 1660 ಅಥವಾ ಆರ್‌ಎಕ್ಸ್ 580 ನೋಡಿ ಆಸೆಪಡುವ ಮುಂಚೆ ಒಮ್ಮೆ ನಮಗೆ ಕೇಳಿ. ಹಳೆಯ ಗೇಮ್‌ಗಳಿಗೆ ಅವು ಈಗಲೂ ಚೆನ್ನಾಗಿವೆ, ಆ ಮಾತು ಬೇರೆ.

ಕಾರ್ಡ್‌ನ ಮೆಮೊರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲೇ ತುಂಬಾ ಜನ ಎಡವುತ್ತಾರೆ. ಆರ್‌ಟಿಎಕ್ಸ್ 5060 ಟಿಐ 8 ಜಿಬಿಯಲ್ಲೂ ಇದೆ, 16 ಜಿಬಿಯಲ್ಲೂ ಇದೆ. ಆರ್‌ಎಕ್ಸ್ 9060 ಎಕ್ಸ್‌ಟಿಯೂ ಹಾಗೇ. ಹಳೆಯ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿಯದ್ದರ ಮೆಮೊರಿ ದಾರಿಯ ಅಗಲ 192 ಬಿಟ್, ಆಮೇಲೆ ಬಂದ 8 ಜಿಬಿಯದ್ದು 128 ಬಿಟ್, ಅಂದರೆ ಮೆಮೊರಿ ಮಾತ್ರ ಅಲ್ಲ, ವೇಗವೂ ಕಡಿಮೆ. ಡಬ್ಬದ ಮೇಲೆ ಹೆಸರು ಒಂದೇ, ಮೂಲೆಯಲ್ಲಿರುವ ಸಣ್ಣ ಅಂಕಿ ಮಾತ್ರ ಬೇರೆ. 8 ಜಿಬಿ ತುಂಬಿಹೋದರೆ ಏನಾಗುತ್ತದೆ ಅಂದರೆ, ಗೇಮ್ ಬೇಕಾದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ಎಳೆದುಕೊಳ್ಳಲು ಶುರು ಮಾಡುತ್ತದೆ, ಆ ದಾರಿ ತುಂಬಾ ನಿಧಾನ, ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಚೆನ್ನಾಗೇ ಕಂಡರೂ ನಡುನಡುವೆ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಕೆಲವು ಗೇಮ್‌ಗಳಲ್ಲಿ ಗೋಡೆ, ನೆಲ, ಮುಖ ಎಲ್ಲ ಮಸುಕಾಗಿಯೇ ಉಳಿಯುತ್ತದೆ. ನಮ್ಮ ಅಭಿಪ್ರಾಯ ಇದು: ಬರೀ ಸ್ಪರ್ಧೆಯ ಗೇಮ್ ಆಡುವವರಿಗೆ 8 ಜಿಬಿ ಸಾಕು. ಕಥೆಯ ಗೇಮ್ ಆಡುವವರು, ನಾಲ್ಕೈದು ವರ್ಷ ಅದೇ ಕಾರ್ಡ್ ಇಟ್ಟುಕೊಳ್ಳಬೇಕು ಅನ್ನುವವರು, 12 ಅಥವಾ ಅದಕ್ಕಿಂತ ಜಾಸ್ತಿ ಇರುವುದನ್ನೇ ನೋಡಿ. ಇಂಟೆಲ್‌ನ ಆರ್ಕ್ ಬಿ580 ಕಡಿಮೆ ಬಜೆಟ್ಟಿನಲ್ಲೇ 12 ಜಿಬಿ ಕೊಡುತ್ತದೆ, ಆದರೆ ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟುವ ಸೌಲಭ್ಯ) ಇರುವ, ಸಾಕಷ್ಟು ಹೊಸ ಪ್ರೊಸೆಸರ್ ಜೊತೆ ಬೇಕು. ಹಳೆಯ ಕಂಪ್ಯೂಟರಿಗೆ ಸುಮ್ನೆ ತಂದು ಹಾಕುವ ಕಾರ್ಡ್ ಅಲ್ಲ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಥರದ ಅಪ್‌ಸ್ಕೇಲಿಂಗ್, ಅಂದರೆ ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಮಾಡಿ ಅದನ್ನು ದೊಡ್ಡದಾಗಿಸುವುದು, ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ಸಾಧಾರಣ ಕಾರ್ಡ್ ಇಟ್ಟುಕೊಂಡು 1440ಪಿ ಆಡುವವರು ಧೈರ್ಯವಾಗಿ ಬಳಸಿ. ಫ್ರೇಮ್ ಜನರೇಷನ್ ಹಾಗಲ್ಲ. ನಿಜವಾದ ಫ್ರೇಮ್ 30 ಇದ್ದಾಗ ನಡುವೆ ಫ್ರೇಮ್ ಸೇರಿಸಿ 60 ಅಂತ ತೋರಿಸಿದರೂ, ಮೌಸ್ ಅಲ್ಲಾಡಿಸಿದಾಗ ಕೈಗೆ ಸಿಗುವ ಸ್ಪಂದನೆ 30ರದ್ದೇ, ಸ್ವಲ್ಪ ಅದಕ್ಕಿಂತ ನಿಧಾನವೇ. ಜಾಹೀರಾತಿನ ಆ ದೊಡ್ಡ ಅಂಕಿ ನೋಡಿ ಕಾರ್ಡ್ ಆರಿಸಬೇಡಿ.

ಸಿನಿಮಾ, ಸೀರಿಯಲ್, ಹಾಡು ಇವೇ ಮುಖ್ಯ, ಗೇಮ್ ಆಗಾಗ ಅನ್ನುವವರಿಗೆ ಬೇರೆಯೇ ಲೆಕ್ಕ. 4ಕೆ ವಿಡಿಯೋ ನೋಡಲು ದೊಡ್ಡ ಕಾರ್ಡ್ ಬೇಕಿಲ್ಲ. ಬೇಕಾದ್ದು ಎಚ್‌ಇವಿಸಿ, ಎವಿ1 ಅನ್ನುವ ಕುಗ್ಗಿಸಿದ ವಿಡಿಯೋ ಬಗೆಗಳೆರಡನ್ನೂ ಚಿಪ್ಪೇ ಬಿಡಿಸುವ ಶಕ್ತಿ. ಇಂಟೆಲ್ 11ನೇ ಪೀಳಿಗೆಯಿಂದ ಈಚೆಗಿನ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್, ಆರ್‌ಟಿಎಕ್ಸ್ 30ರ ಸಾಲಿನ ಕಾರ್ಡ್‌ಗಳು ಇದನ್ನು ಮಾಡುತ್ತವೆ. ಅದೇ ಆರ್‌ಎಕ್ಸ್ 6500 ಎಕ್ಸ್‌ಟಿ ಹೊಸ ಕಾರ್ಡ್ ಥರ ಕಂಡರೂ ಎವಿ1 ಬಿಡಿಸುವುದಿಲ್ಲ. ಟಿವಿಗೆ ಜೋಡಿಸುವುದಾದರೆ ಎಚ್‌ಡಿಎಂಐ ಯಾವುದು ಅಂತ ನೋಡಬೇಕು: 2.0 ಆದರೆ 4ಕೆ 60 ಹರ್ಟ್ಸ್‌ವರೆಗೆ, 120 ಬೇಕಾದರೆ 2.1. ಹಾಲ್‌ನಲ್ಲಿ ಇಡುವ ಕಂಪ್ಯೂಟರಿಗೆ ಇನ್ನೂ ಒಂದು ಬೇಕು, ಸದ್ದು ಮಾಡದ ಫ್ಯಾನ್. ಪಿಸುಮಾತಿನ ದೃಶ್ಯದಲ್ಲಿ ಫ್ಯಾನ್ ಗುಯ್ಯೆಂದರೆ ಎಂಥ ಸ್ಪೀಕರ್ ಇದ್ದೂ ಏನು ಪ್ರಯೋಜನ? ಹಾಗಾಗಿ ಇಂಥವರ ಕೊಟೇಷನ್‌ನಲ್ಲಿ ಕೂಲರ್‌ಗೆ ಸ್ವಲ್ಪ ಜಾಸ್ತಿ ಹಾಕುತ್ತೇವೆ, ಕಾರ್ಡ್ ತೆಗೆದೇ ಬಿಡುತ್ತೇವೆ.

ಕಾರ್ಡ್ ಇಲ್ಲದೆ ಶುರು ಮಾಡಿ ಆಮೇಲೆ ಹಾಕಿಕೊಳ್ಳುವ ದಾರಿಯನ್ನೂ ಈಗಿನಿಂದ ತೆರೆದಿದ್ದೇವೆ. ರೈಜನ್ 5 8600ಜಿ ಥರದ ಪ್ರೊಸೆಸರ್ ಒಳಗೆ ಇರುವ ಗ್ರಾಫಿಕ್ಸ್‌ನಲ್ಲೇ ಹಗುರ ಗೇಮ್ 1080ಪಿಯಲ್ಲಿ ಚೆನ್ನಾಗಿ ಓಡುತ್ತವೆ. ಒಂದು ಎಚ್ಚರಿಕೆ: ಅದರ ತಮ್ಮ 8500ಜಿ ಕಾರ್ಡ್‌ಗೆ ನಾಲ್ಕೇ ಲೇನ್ (ಮಾಹಿತಿ ಹೋಗುವ ದಾರಿ) ಬಿಡುತ್ತದೆ, 8600ಜಿ ಎಂಟು ಬಿಡುತ್ತದೆ. ಮುಂದೆ ಕಾರ್ಡ್ ಹಾಕುವ ಯೋಚನೆ ಇದ್ದರೆ 8500ಜಿ ಬೇಡ. ಮತ್ತೆ, ಇಂಥ ಕಂಪ್ಯೂಟರಿನಲ್ಲಿ ರ‍್ಯಾಮ್ ಎರಡು ಕಡ್ಡಿ ಇರಲೇಬೇಕು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಬದುಕಬೇಕು, ಒಂದೇ ಕಡ್ಡಿ ಹಾಕಿದರೆ ಅದಕ್ಕೆ ಸಿಗುವ ದಾರಿ ಅರ್ಧಕ್ಕೆ ಇಳಿಯುತ್ತದೆ. ಬೇರೆ ಕಾರ್ಡ್ ಇದ್ದವರಿಗೆ ಇದು ಅಷ್ಟು ಪ್ರಾಣಕ್ಕೆ ಬರುವ ವಿಷಯ ಅಲ್ಲ, ಈಗಿನ ಬೆಲೆಯಲ್ಲಿ ಒಂದು ಕಡ್ಡಿಯಿಂದ ಶುರು ಮಾಡುತ್ತೇವೆ ಅಂದರೆ ನಾವು ಬೇಡ ಅನ್ನುವುದಿಲ್ಲ.

ಕೊನೆಯ ಪ್ರಶ್ನೆ, ನಿಮ್ಮ ಹತ್ತಿರ ಈಗಾಗಲೇ ಏನಿದೆ. ಮೊದಲು ನಾವು ಗ್ರಾಹಕರ ಹಳೆಯ ಪಾರ್ಟ್ ಹಾಕಿ ಕಟ್ಟುತ್ತಿರಲಿಲ್ಲ, ಇನ್ನು ಕಟ್ಟುತ್ತೇವೆ. ಹಳೆಯ ಕಂಪ್ಯೂಟರಿನಲ್ಲಿ ಹಿಂದಿನ ಪೀಳಿಗೆಯ ಡಿಡಿಆರ್4 ರ‍್ಯಾಮ್ ಇದ್ದರೆ ಎಸೆಯಬೇಡಿ, ಮಾರಲೂ ಬೇಡಿ. ಅದು ಹೊಸ ಪೀಳಿಗೆಯ ಡಿಡಿಆರ್5 ಮದರ್‌ಬೋರ್ಡಿಗೆ ಕೂರುವುದಿಲ್ಲ, ನಡುವಿನ ಕಚ್ಚೇ ಬೇರೆ ಜಾಗದಲ್ಲಿದೆ. ಆದರೆ ಎಎಂಡಿ ಪ್ರೊಸೆಸರ್‌ಗಳ ಎಎಂ4 ಬೋರ್ಡ್ ಅಥವಾ ಡಿಡಿಆರ್4 ಹಿಡಿಯುವ, ಇಂಟೆಲ್ ಪ್ರೊಸೆಸರ್‌ಗಳ ಎಲ್‌ಜಿಎ1700 ಬೋರ್ಡ್ ಹಾಕಿದರೆ ಅದೇ ರ‍್ಯಾಮ್ ಇನ್ನೂ ಕೆಲವು ವರ್ಷ ದುಡಿಯುತ್ತದೆ. ರ‍್ಯಾಮ್ ಈಗಾಗಲೇ ಕೈಯಲ್ಲಿರುವವರಿಗೆ ಇವತ್ತಿನ ದಿನ ಇದೇ ದೊಡ್ಡ ಉಳಿತಾಯ. ರ‍್ಯಾಮ್ ಇಲ್ಲದೆ ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ಎಎಂಡಿಯ ಎಎಂ5 ಬೋರ್ಡ್ ಚೆನ್ನ, ಅದೇ ಬೋರ್ಡಿಗೆ ಮುಂದೆ ಬೇರೆ ಪ್ರೊಸೆಸರ್ ಹಾಕಬಹುದು. 2027 ಮತ್ತು ಆಮೇಲೂ ಅದನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಕ್ಯಾಬಿನೆಟ್, ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್, ಕೀಬೋರ್ಡ್ ಎಲ್ಲ ತನ್ನಿ. ಎಸ್‌ಎಸ್‌ಡಿ ಎಷ್ಟು ಸವೆದಿದೆ ಅಂತ ನೋಡಿ ಹೇಳುತ್ತೇವೆ. ಸಿನಿಮಾ ಫೈಲ್‌ಗಳಿಗೆ ಹಳೆಯ ಹಾರ್ಡ್ ಡಿಸ್ಕ್ ಸಾಕೋ ಸಾಕು, ಎಸ್‌ಎಸ್‌ಡಿಯ ಜಾಗ ಗೇಮ್‌ಗೆ ಇರಲಿ.

ಒಂದನ್ನು ಮಾತ್ರ ಒಪ್ಪುವುದಿಲ್ಲ: ಹಳೆಯ ಅಥವಾ ಹೆಸರಿಲ್ಲದ ಎಸ್‌ಎಂಪಿಎಸ್, ಅಂದರೆ ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡುವ ಡಬ್ಬ. ಬಜೆಟ್ ಸಾಲದೆ ಬಂದಾಗ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ, ಯಾಕೆಂದರೆ ಅದರಿಂದ ಎಫ್‌ಪಿಎಸ್ ಏರುವುದಿಲ್ಲ. ಆದರೆ ಉಳಿದ ಪ್ರತಿಯೊಂದು ಪಾರ್ಟೂ ಅದರ ಕರೆಂಟ್ ಮೇಲೆಯೇ ನಿಂತಿದೆ, ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ತಾನೊಂದೇ ಹೋಗುವುದಿಲ್ಲ. ಬದಿಯ ಸ್ಟಿಕರ್ ನೋಡಿ. ಹೊರಗೆ ದೊಡ್ಡದಾಗಿ 500 ವ್ಯಾಟ್ ಅಂತ ಇದ್ದರೂ, ಪ್ರೊಸೆಸರ್ ಮತ್ತು ಕಾರ್ಡ್ ಬಳಸುವ 12 ವೋಲ್ಟ್ ಸಾಲಿನಲ್ಲಿ ಅದರ ಅರ್ಧ ಮಾತ್ರ ಬರೆದಿರುವ ಸ್ಟಿಕರ್‌ಗಳೂ ಇವೆ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ ನೋಡಿದರೆ ಗೊತ್ತಾಗುತ್ತದೆ. 80 ಪ್ಲಸ್ ಗುರುತು ಎಷ್ಟು ಕರೆಂಟ್ ಪೋಲಾಗದೆ ಉಳಿಯುತ್ತದೆ ಅನ್ನುವುದನ್ನು ಹೇಳುತ್ತದೆ, ಒಳಗಿನ ರಕ್ಷಣೆ ಎಷ್ಟು ಚೆನ್ನಾಗಿದೆ ಅಂತ ಹೇಳುವುದಿಲ್ಲ. ಈ ಒಂದರಲ್ಲಿ ಮಾತ್ರ ನಾವು ಹಟ ಹಿಡಿಯುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಕಂಪ್ಯೂಟರ್ ಕೊಡುವ ದಿನವೂ ಸ್ವಲ್ಪ ಬದಲಾಗುತ್ತದೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಬನ್ನಿ. ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡಲು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ ಆಯ್ಕೆ ಆನ್ ಆಗಿರಬೇಕು, ಅದನ್ನು ನಿಮ್ಮ ಎದುರಿಗೇ ತೋರಿಸುತ್ತೇವೆ. ಟಿಪಿಎಂ, ಸೆಕ್ಯೂರ್ ಬೂಟ್ ಈ ಎರಡು ಭದ್ರತೆಯ ಸೌಲಭ್ಯಗಳನ್ನೂ ಆನ್ ಮಾಡಿಯೇ ಕೊಡುತ್ತೇವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಇವೆರಡನ್ನೂ ಕೇಳುತ್ತದೆ, ಬ್ಯಾಟಲ್‌ಫೀಲ್ಡ್ 6 ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದೇ ಇಲ್ಲ. ಮನೆಗೆ ಹೋದ ಮೇಲೆ ಎರಡು ಕೆಲಸ ನಿಮ್ಮದು. ಕಂಪ್ಯೂಟರಿನ ಹಿಂಭಾಗ ನೋಡಿದರೆ ಮೇಲೆ ನಿಂತಂತಿರುವ ಸಾಲಿನಲ್ಲಿ ಒಂದು ಎಚ್‌ಡಿಎಂಐ ಇರುತ್ತದೆ, ಅದು ಮದರ್‌ಬೋರ್ಡಿನದ್ದು. ಅದರ ಕೆಳಗೆ ಅಡ್ಡಲಾಗಿ ಮಲಗಿದಂತಿರುವ ಸಾಲು ಗ್ರಾಫಿಕ್ಸ್ ಕಾರ್ಡಿನದ್ದು. ಮಾನಿಟರ್ ಕೇಬಲ್ ಕೆಳಗಿನದಕ್ಕೇ ಹೋಗಬೇಕು. ಮೇಲಿನದಕ್ಕೆ ಹಾಕಿದರೆ ಕಾರ್ಡ್ ಸುಮ್ನೆ ಕೂತಿರುತ್ತದೆ, ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರಂತೂ ಚಿತ್ರವೇ ಬರುವುದಿಲ್ಲ. ಇನ್ನೊಂದು, ವಿಂಡೋಸ್ ಎಷ್ಟೋ ಸಲ 144 ಹರ್ಟ್ಸ್ ಮಾನಿಟರನ್ನು 60ರಲ್ಲೇ ಬಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ಬದಲಾಯಿಸಿಕೊಳ್ಳಿ.

ಹಳೆಯ ಸೆಟ್‌ಗೆ ಮುಂಗಡ ಕೊಟ್ಟವರಿಗೆ ಯಾವ ಬದಲಾವಣೆಯೂ ಇಲ್ಲ. ಹೇಳಿದ ದರಕ್ಕೆ, ಹೇಳಿದ ಪಾರ್ಟ್ ಹಾಕಿಯೇ ಕೊಡುತ್ತೇವೆ, ಬೆಲೆ ಏರಿದ್ದು ನಮ್ಮ ಪಾಲಿಗಿರಲಿ. ಅದೇ ಮುಂಗಡದ ಮೇಲೆ ಹೊಸ ಥರದ ಕೊಟೇಷನ್ ಬೇಕು ಅನ್ನುವವರು ಈ ತಿಂಗಳ ಒಳಗೆ ತಿಳಿಸಿ. ಹಿಂದೆ ಕೊಂಡ ಸೆಟ್‌ಗಳ ವಾರಂಟಿ, ಸರ್ವಿಸ್ ಮೊದಲಿನಂತೆಯೇ ನಡೆಯುತ್ತದೆ.

ಕೊಟೇಷನ್ ಕೇಳುವಾಗ ನಿಮ್ಮ ಒಟ್ಟು ಬಜೆಟ್ ಎಷ್ಟು, ಅದರಲ್ಲಿ ಮಾನಿಟರ್ ಸೇರಿದೆಯೋ ಇಲ್ಲವೋ, ಆಡುವ ಗೇಮ್‌ಗಳ ಹೆಸರು, ಇಷ್ಟು ಬರೆದು ಕಳಿಸಿ. ಹಳೆಯ ಕಂಪ್ಯೂಟರ್ ಇದ್ದರೆ ಬದಿಯ ಮುಚ್ಚಳ ತೆಗೆದು ಒಳಗಿನ ಒಂದು ಫೋಟೋ, ಎಸ್‌ಎಂಪಿಎಸ್ ಸ್ಟಿಕರಿನ ಒಂದು ಫೋಟೋ ಜೊತೆಗಿರಲಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ಮುಚ್ಚಳ ತೆಗೆಯಿರಿ.

ಇಂತಿ,
ಅಸೆಂಬ್ಲಿ ಮತ್ತು ಸರ್ವಿಸ್ ವಿಭಾಗದವರು